ಕೆಂಗೇರಿಯಾಚೆಯ ಮೀಟಿಂಗಿಗೆ ಬಂದೋಬಸ್ತು

ಯಾವುದೇ ಛತ್ರಕ್ಕೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಹುಡುಕುವುದು ಹಿಂಬಾಗಿಲನ್ನು. ಮದುಮಗಳ ಸೀರೆ ಆಮೇಲೆ. "ಇವಳನ್ನ ಮದ್ವೆಗೆ ಕರ್ಕೊಂಡ್ ಹೋದ್ರೆ ಎಲೆ ಮುಂದೆ ಕೂತ್ಕೊಂಡು ಗ್ಯಾಸ್ ಸಿಲಿಂಡರ್ ಎಲ್ಲಿಟ್ಟಿದೀರಾ ಅಂತ ಕೇಳ್ತಾಳೆ" ಎಂದು ಅಮ್ಮ ಆರ್‌ಪಿಸಿ ಲೇಔಟಿನ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ. ಕೇಳಿದ್ದೇನೆ, ಅಡುಗೆಯವರಿಂದ ಬೈಸಿಕೊಂಡೂ ಇದ್ದೇನೆ. ಹೀಗಿರುವಾಗ, ನಮ್ಮ ಗಾರ್ಮೆಂಟ್ಸಿನ ವರ್ಷದ ಮೀಟಿಂಗನ್ನು ಈ ಸಲ ಊರಾಚೆ ಇಟ್ಟುಕೊಳ್ಳೋಣ, ಬಂದೋಬಸ್ತೆಲ್ಲ ನಿನ್ನದೇ ಎಂದು ಫ್ಯಾಕ್ಟರಿಯ ಯಜಮಾನರು ಹೇಳಿದರೆ ನನಗೆ ಹೇಗಾಗಿರಬೇಡ. ಆವತ್ತು ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಸಿಗ್ನಲ್ಲಿನಲ್ಲಿ ನಿಂತು ಒಬ್ಬಳೇ ನಗುತ್ತಿದ್ದೆ.

ನಮ್ಮ ಗಾರ್ಮೆಂಟ್ಸ್ ಇರುವುದು ಕಾಮಾಕ್ಷಿಪಾಳ್ಯದಲ್ಲಿ. ನಾನು ಅಲ್ಲಿ ವೆಲ್‌ಫೇರ್ ಆಫೀಸರ್. ಹೆಸರು ದೊಡ್ಡದು, ಕೆಲಸ ಮಾತ್ರ ಕುಡಿಯುವ ನೀರಿನಿಂದ ಹಿಡಿದು ಮಕ್ಕಳ ಜ್ವರದ ರಜೆಯವರೆಗೆ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವುದು. ವರ್ಷದ ಮೀಟಿಂಗ್ ಎಂದರೆ ಅಲ್ಲಿಯವರೆಗೂ ಆಫೀಸಿನವರು ಮತ್ತು ಸೂಪರ್‌ವೈಸರುಗಳು ರಾಜಾಜಿನಗರದ ಒಂದು ಹೋಟೆಲಿನಲ್ಲಿ ಸೇರಿ, ಮಾತಾಡಿ, ಊಟ ಮಾಡಿ ಬರುವುದು. ಮಿಷನ್ನಿನ ಮುಂದೆ ಕೂರುವ ಹೆಂಗಸರಿಗೆ ಕೂತಲ್ಲಿಗೇ ಒಂದು ಸ್ವೀಟ್ ಬಾಕ್ಸ್ ಬರುತ್ತಿತ್ತು, ಅಷ್ಟೆ. ಮೀಟಿಂಗಿನಲ್ಲಿ ಇಡೀ ದಿನ ಮಾತಾಡುತ್ತಿದ್ದದ್ದು ಆ ಹೆಂಗಸರ ಕೆಲಸದ ಬಗ್ಗೆಯೇ, ಅವರೊಬ್ಬರನ್ನು ಬಿಟ್ಟು ಎಲ್ಲರೂ ಇರುತ್ತಿದ್ದರು. ಎಲ್ಲರನ್ನೂ ಕರೆದುಕೊಂಡು ಹೋಗೋಣ ಸಾರ್ ಎಂದು ನಾನು ಪ್ರತಿ ವರ್ಷ ಯಜಮಾನರ ಕಿವಿ ತಿನ್ನುತ್ತಿದ್ದೆ. ಪ್ರತಿ ವರ್ಷವೂ ಅವರದು ಒಂದೇ ಉತ್ತರ: "ಅಷ್ಟು ಜನಾನ ಒಂದು ಹಾಲ್ ಒಳಗೆ ತುಂಬಿಸಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಅವರ ಭಯಕ್ಕೆ ಕಾರಣವಿತ್ತು. ಅವರು ಆ ಜಾಗದ ಹಳೆಯ ಒಕ್ಕಲು ಮನೆಯವರು. ಈಗ ನಮ್ಮ ಕಟ್ಟಡ ಇರುವಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಯಜಮಾನರು ಹುಡುಗರಾಗಿದ್ದಾಗ ಹತ್ತಿರದ ಒಂದು ಶೆಡ್ಡಿನಲ್ಲಿ ಬಟ್ಟೆಗೆ ಬೆಂಕಿ ಬಿದ್ದು, ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರು. ಬೆಂಕಿಗಿಂತ ಬಾಗಿಲು ಕೆಟ್ಟದ್ದು ಎಂದು ಯಾವಾಗಲೂ ಹೇಳುತ್ತಿದ್ದರು. ಈ ಸಲ ಒಪ್ಪಿದಾಗಲೂ ಒಂದು ಷರತ್ತು ಹಾಕಿಯೇ ಒಪ್ಪಿದರು.

"ನೋಡಮ್ಮ, ಮೀಟಿಂಗ್ ಶುರು ಮಾಡೋಕ್ ಮುಂಚೆ ಡ್ರಿಲ್. ಸೈರನ್ ಹೊಡೆದ್ರೆ ಹಾಲ್ ಖಾಲಿ ಆಗ್ಬೇಕು, ಎಲ್ಲೂ ನಿಲ್ಲಬಾರ್ದು. ನಿಂತ್ರೆ ಮೀಟಿಂಗ್ ಇಲ್ಲ. ಊಟ ಹಾಕಿಸ್ತೀನಿ, ಬಸ್ ಹತ್ತಿಸ್ತೀನಿ. ಮುಂದಿನ ವರ್ಷದಿಂದ ಮೊದ್ಲಿನ ಥರಾನೇ."

"ಆಯ್ತು ಸಾರ್" ಎಂದೆ. ಆ ಗಳಿಗೆಯಲ್ಲಿ ಹಾಲಿನ ಗೋಡೆಯನ್ನೇ ಕಿತ್ತು ಹಾಕು ಎಂದಿದ್ದರೂ ಆಯ್ತು ಎನ್ನುತ್ತಿದ್ದೆ.

ಸುದ್ದಿ ಎರಡೂ ಫ್ಲೋರಿಗೆ ಹಬ್ಬಲು ಟೀ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಗ್ಗನಹಳ್ಳಿಯಿಂದ ಬರುವ ಒಬ್ಬಾಕೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಶರ್ಟಿಗೆ ಕಾಲರ್ ಕೂರಿಸುವ ಕೆಲಸ ಅವಳದು. ಮಾತು ಕಡಿಮೆ, ಆದರೆ ಆಡಿದರೆ ಇಡೀ ಲೈನು ಕೇಳುತ್ತಿತ್ತು.

"ಮೇಡಂ, ಅಲ್ಲಿ ಮೈಕ್ ನಮ್ಗೂ ಕೊಡ್ತಾರಾ, ಇಲ್ಲ ನಾವು ಬರೀ ಚಪ್ಪಾಳೆನಾ?"

"ಕೊಡಿಸ್ತೀನಿ" ಎಂದೆ.

"ಹಂಗಾದ್ರೆ ನಾನು ಮಾತಾಡ್ತೀನಿ. ಎಲ್ಲಾರೂ ನನ್ನೇ ಹೇಳು ಅಂದವ್ರೆ. ಮೇಲ್ಗಡೆ ಫ್ಲೋರ್ ಫ್ಯಾನ್ ವಿಷ್ಯ."

ಅವತ್ತಿನಿಂದ ದಿನಾ ಊಟದ ಹೊತ್ತಿನಲ್ಲಿ ಅವಳು ಮೆಟ್ಟಿಲ ಕೆಳಗೆ ನಿಂತು ಸ್ಟೀಲ್ ಲೋಟವನ್ನು ಬಾಯಿಯ ಹತ್ತಿರ ಹಿಡಿದು ಮಾತಾಡಿ ನೋಡುತ್ತಿದ್ದಳು. ಸುತ್ತಲಿದ್ದವರು ಯಜಮಾನರ ಹಾಗೆ ಕೆಮ್ಮಿ ಅವಳನ್ನು ನಗಿಸುತ್ತಿದ್ದರು. ನಗು ನಿಂತ ಮೇಲೆ ಅವಳು ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು.

ನಾನು ಜಾಗ ಹುಡುಕಲು ಹೊರಟೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿದರೆ ಒಂದು ತೋಟದ ಮನೆ ಸಿಕ್ಕಿತು. ದೊಡ್ಡ ಹಾಲ್, ಹುಲ್ಲುಹಾಸು, ಅದರಾಚೆ ಕಬ್ಬಿಣದ ಗೇಟು, ಗೇಟಿನಾಚೆ ಬಯಲು, ಬಯಲ ನಡುವೆ ಹಳೆಯ ಹುಣಸೆ ಮರ. ಅಲ್ಲಿನ ಮ್ಯಾನೇಜರ್ ಹುಡುಗ ನನಗೆ ಸ್ಟೇಜಿನ ಲೈಟುಗಳನ್ನು ತೋರಿಸಲು ಓಡಾಡುತ್ತಿದ್ದರೆ ನಾನು ಪಕ್ಕದ ಬಾಗಿಲನ್ನು ತಳ್ಳುತ್ತಿದ್ದೆ. ಅದಕ್ಕೆ ಸರಪಳಿ ಹಾಕಿ ಬೀಗ ಜಡಿದಿದ್ದರು.

"ಕೀ ಯಾರ ಹತ್ರ ಇದೆ?"

"ಓನರ್ ಹತ್ರ ಮೇಡಂ."

"ಓನರ್ ಎಲ್ಲಿ?"

"ಬಿಡದಿನಲ್ಲಿ ಮೇಡಂ."

"ಬೆಂಕಿ ಬಿದ್ರೆ ಅವರು ಬಿಡದಿಯಿಂದ ಬರೋವರ್ಗೂ ಕಾಯ್ಬೇಕಾ?"

ಹುಡುಗ ನನ್ನನ್ನು ಒಂದು ಥರ ನೋಡಿ ಫೋನ್ ತೆಗೆದ. ಆ ಹೊತ್ತಿಗೆ ನಾನು ಹೆಂಗಸರ ಬಾತ್‌ರೂಮಿನ ಚಿಲಕಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡುತ್ತಿದ್ದೆ. ಎರಡು ಚಿಲಕ ಕಿತ್ತು ಬಂದಿದ್ದವು. ಈಜುಕೊಳಕ್ಕೆ ಸುತ್ತ ಹಗ್ಗ ಕಟ್ಟಿಸಬೇಕು, ಅಲ್ಲೊಬ್ಬ ಮನುಷ್ಯ ನಿಂತಿರಬೇಕು ಎಂದು ಹೇಳಿದೆ. ಜನರೇಟರಿನ ಪಕ್ಕ ಇಟ್ಟಿದ್ದ ಡೀಸೆಲ್ ಕ್ಯಾನನ್ನು ನಾನೇ ಎತ್ತಿ ಆಚೆ ಇಟ್ಟೆ. ಹತ್ತಿರದ ಆಸ್ಪತ್ರೆಗೆ ಸ್ಕೂಟರಿನಲ್ಲಿ ಹೋಗಿ ದಾರಿ ನೋಡಿಕೊಂಡು ಬಂದೆ. ಆಂಬುಲೆನ್ಸ್ ಒಳಗೆ ಬಂದು ತಿರುಗಿಸಿಕೊಳ್ಳಲು ಜಾಗ ಸಾಲದು ಎಂದು ಎರಡು ಹೂಕುಂಡಗಳನ್ನು ಸರಿಸಿದೆ. ಮ್ಯಾನೇಜರ್ ಹುಡುಗ ಕೊನೆಗೆ, "ಮೇಡಂ, ಯಾರಾದ್ರೂ ಮಿನಿಸ್ಟರ್ ಬರ್ತಾ ಇದಾರಾ?" ಎಂದು ಮೆಲ್ಲಗೆ ಕೇಳಿದ.

"ಅವರಿಗಿಂತ ದೊಡ್ಡೋರು" ಎಂದೆ. ಆಮೇಲೆ ಆ ಮಾತು ನನಗೇ ಇಷ್ಟವಾಗಿ ಮನೆಗೆ ಬಂದು ಅಮ್ಮನಿಗೂ ಹೇಳಿದೆ.

ಹೆಂಗಸರ ಮನೆಗಳನ್ನು ಒಪ್ಪಿಸುವುದೇ ಇನ್ನೊಂದು ಬಂದೋಬಸ್ತು. ಒಬ್ಬರ ಅತ್ತೆ ಬಸ್ಸಿನ ಡ್ರೈವರ್ ಕುಡಿಯುತ್ತಾನಾ ಎಂದು ಕೇಳಿದರು. ಇನ್ನೊಬ್ಬರ ಗಂಡ, ವಾಪಸ್ ಬಿಡುವುದು ಎಲ್ಲಿ, ಸುಂಕದಕಟ್ಟೆಯಲ್ಲೋ ಮನೆ ತಿರುವಿನಲ್ಲೋ ಎಂದ. ಅವರೆಲ್ಲರಿಗೂ ಫೋನಿನಲ್ಲಿ ಉತ್ತರ ಕೊಟ್ಟೆ. ಕತ್ತಲಾಗುವ ಮುಂಚೆ, ಅವರವರ ತಿರುವಿನಲ್ಲೇ ಇಳಿಸುತ್ತೇವೆ, ಒಬ್ಬಳನ್ನೇ ಇಳಿಸುವುದಿಲ್ಲ ಎಂದೆ. ಗಂಟಲು ಕಟ್ಟಿಹೋಯಿತು, ಉತ್ಸಾಹ ಮಾತ್ರ ಇಳಿಯಲಿಲ್ಲ. ಜಾಗದ ಬಗ್ಗೆ ಯಾರೂ ಮೊದಲೇ ಸ್ಟೇಟಸ್ ಹಾಕಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಹಾಕಲಿಲ್ಲ ನಿಜ, ಆದರೆ ಉಡುವ ಸೀರೆಗಳ ಫೋಟೋ ಹಾಕಿದರು.

ಆ ಶನಿವಾರ ಬೆಳಿಗ್ಗೆ ಬಸ್ಸುಗಳು ಗೇಟಿನ ಮುಂದೆ ನಿಂತಾಗ ನಮ್ಮ ರಸ್ತೆ ನನಗೇ ಗುರುತು ಸಿಗಲಿಲ್ಲ. ದಿನಾ ನೈಲಾನ್ ಸೀರೆಯಲ್ಲಿ, ಕತ್ತಿಗೆ ಐಡಿ ಕಾರ್ಡ್ ಹಾಕಿಕೊಂಡು ಬರುವವರು ಹೂ ಮುಡಿದು, ರೇಷ್ಮೆ ಉಟ್ಟು ಬಂದಿದ್ದರು. ಆದರೆ ಹೆಗಲಿಗೆ ಮಾತ್ರ ಅದೇ ಬ್ಯಾಗು. ಒಳಗೆ ಖಾಲಿ ಟಿಫನ್ ಬಾಕ್ಸು, ಊಟದಲ್ಲಿ ಉಳಿದ ಸಿಹಿಯನ್ನು ಮಕ್ಕಳಿಗೆ ತರಲು. ಬಸ್ಸುಗಳ ಬೆಂಕಿ ಆರಿಸುವ ಸಿಲಿಂಡರುಗಳನ್ನು ನೋಡಿ, ಡ್ರೈವರುಗಳನ್ನು ಹತ್ತಿರದಿಂದ ಮಾತಾಡಿಸಿ ಬಾಯಿ ವಾಸನೆಯನ್ನೂ ನೋಡಿ, ನಾನು ಮೊದಲ ಬಸ್ ಹತ್ತಿದೆ.

ಮುಂದಿನ ಸೀಟಿನಲ್ಲಿ ಗೇಟಿನ ಆಂಟಿ ಒಬ್ಬರೇ ಕೂತಿದ್ದರು. ಅವರನ್ನು ಎಲ್ಲರೂ ಕರೆಯುವುದು ಹಾಗೆಯೇ. ಸಂಜೆ ಕೆಲಸ ಬಿಟ್ಟಾಗ ಕೆಳಗಿನ ಗೇಟಿನಲ್ಲಿ ನಿಂತು ಹೆಂಗಸರನ್ನು ಒಬ್ಬೊಬ್ಬರಾಗಿ ಚೆಕ್ ಮಾಡಿ ಕಳಿಸುವುದು ಅವರ ಕೆಲಸ. ಬಟ್ಟೆ, ದಾರ, ಗುಂಡಿ ಏನೂ ಆಚೆ ಹೋಗಬಾರದಲ್ಲ. ಹೆಂಗಸರು ಸಾಲಾಗಿ ಬಂದು, ಬ್ಯಾಗಿನ ಜಿಪ್ ಎಳೆದು, ಟಿಫನ್ ಬಾಕ್ಸಿನ ಮುಚ್ಚಳ ತೆಗೆದು, ಕೈ ಅಗಲಿಸಿ ನಿಲ್ಲುತ್ತಿದ್ದರು. ಆಂಟಿ ಸವರಿ ನೋಡಿ ಹೂಂ ಅಂದರೆ ಮುಂದಕ್ಕೆ. ಆಫೀಸಿನವರಾದ ನಾವು ಹೋಗುವುದು ಮುಂಬಾಗಿಲಿನಿಂದ. ಆ ಸಾಲು ಎಷ್ಟು ಉದ್ದವಾಗುತ್ತದೆ ಎಂದು ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆನೇ ಹೊರತು ಅದರಲ್ಲಿ ನಿಂತವಳಲ್ಲ. ಬಸ್ಸಿನಲ್ಲಿ ಆಂಟಿಯ ಪಕ್ಕ ಯಾರೂ ಕೂರಲಿಲ್ಲ. ಸೀಟು ಸಾಲದೆ ಮೂವರು ಒತ್ತಿಕೊಂಡು ಕೂತರೂ ಆ ಜಾಗ ಖಾಲಿ ಬಿಟ್ಟಿದ್ದರು. ನಾನೇ ಕೂತೆ.

ಹಾಡು, ಕೂಗಾಟ, ಕಿಟಕಿಯಿಂದ ತಲೆ ಆಚೆ ಹಾಕಬೇಡಿ ಎಂಬ ನನ್ನ ಬೈಗುಳ ಎಲ್ಲ ಸೇರಿ ಕೆಂಗೇರಿ ಬಂದದ್ದೇ ತಿಳಿಯಲಿಲ್ಲ. ತೋಟದ ಮನೆಯಲ್ಲಿ ಇಡ್ಲಿ ತಿಂದು ಎಲ್ಲರೂ ಹಾಲಿನಲ್ಲಿ ಕೂತರು. ಬಾಗಿಲುಗಳನ್ನು ತೋರಿಸಿದೆ. ಸೈರನ್ ಹೊಡೆದರೆ ನೂಕಬೇಡಿ, ಹತ್ತಿರದ ಬಾಗಿಲಿನಿಂದ ಆಚೆ ಬನ್ನಿ, ಗೇಟು ದಾಟಿ ಹುಣಸೆ ಮರದ ಕೆಳಗೆ ಸೇರಿ ಎಂದೆ. ಕಾಲರ್ ಹೊಲಿಯುವಾಕೆ ಮೊದಲ ಸಾಲಿನಲ್ಲಿ ಕೂತು ತುಟಿ ಅಲುಗಿಸುತ್ತಿದ್ದಳು. ಸ್ಟೇಜಿನ ಮೇಲೆ ಮೈಕ್ ಕಾಯುತ್ತಿತ್ತು. ಯಜಮಾನರು ಹುಲ್ಲುಹಾಸಿನ ಮೇಲೆ ಕೈಕಟ್ಟಿ ನಿಂತರು. ನಾನು ಸೈರನ್ ಒತ್ತಿಸಿದೆ.

ಎಂಥಾ ಚೆಂದ ಎದ್ದರು. ಒಂದು ಕುರ್ಚಿ ಬೀಳಲಿಲ್ಲ, ಒಬ್ಬರು ಕಿರುಚಲಿಲ್ಲ. ಎಲ್ಲ ಬಾಗಿಲುಗಳಿಂದಲೂ ಬಣ್ಣಬಣ್ಣದ ಸೀರೆಗಳು ಆಚೆ ಬಂದವು. ನನ್ನ ಎದೆ ಉಬ್ಬಿಹೋಯಿತು. ಯಜಮಾನರ ಮುಖದಲ್ಲೂ ಒಂದು ನಗು ಕಂಡಿತು. ಆಗ ಸಾಲು ನಿಂತುಬಿಟ್ಟಿತು.

ಗೇಟು ಮುಚ್ಚಿಕೊಂಡಿದೆ ಎಂದುಕೊಂಡು ಓಡಿದೆ. ಗೇಟು ಪೂರ್ತಿ ತೆರೆದೇ ಇತ್ತು. ಆದರೆ ಅದರ ಮುಂದೆ ನಮ್ಮ ಹಳೆಯ ಆಪರೇಟರ್ ಒಬ್ಬರು ಬ್ಯಾಗಿನ ಜಿಪ್ ಎಳೆದು, ಟಿಫನ್ ಬಾಕ್ಸಿನ ಮುಚ್ಚಳ ಕೈಯಲ್ಲಿ ಹಿಡಿದು, ಎರಡೂ ಕೈ ಅಗಲಿಸಿ ನಿಂತಿದ್ದರು. ಅವರ ಹಿಂದೆ ಇನ್ನೊಬ್ಬರು, ಅದೇ ಥರ. ಅವರ ಹಿಂದೆ ಮತ್ತೊಬ್ಬರು. ಸಾಲಿನುದ್ದಕ್ಕೂ ಜಿಪ್ ಎಳೆಯುವ ಸದ್ದು, ಮುಚ್ಚಳ ತೆಗೆಯುವ ಸದ್ದು. ಸಾಲಿನ ಬಾಲ ಹಾಲಿನ ಬಾಗಿಲಿನ ಒಳಗೇ ಸಿಕ್ಕಿಕೊಂಡಿತ್ತು.

"ಯಾಕ್ ನಿಂತ್ರಿ?"

"ಚೆಕಿಂಗ್ ಮೇಡಂ."

"ಇಲ್ಲಿ ಯಾರು ಮಾಡ್ತಾರೆ?"

ಆಕೆ ಆಚೀಚೆ ನೋಡಿದರು. "ಯಾರೋ ಬರ್ತಾರೇನೋ ಅಂತ."

ಅಷ್ಟರಲ್ಲಿ ಹಿಂದಿನಿಂದ ಗೇಟಿನ ಆಂಟಿ ಜನರನ್ನು ಸರಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬಂದೆ, ಬಂದೆ, ತಡೀರಿ" ಎನ್ನುತ್ತ ಓಡಿ ಬಂದರು. ಗೇಟಿನ ಪಕ್ಕ ನಿಂತು ಮೊದಲನೆಯವರ ಬ್ಯಾಗಿಗೆ ಕೈ ಹಾಕಿಯೇಬಿಟ್ಟರು. ಡ್ಯೂಟಿಗೆ ತಡವಾಯಿತೆಂದು ಅವರ ಮುಖದಲ್ಲಿ ಗಾಬರಿ ಕಾಣುತ್ತಿತ್ತು. ನನಗೆ ನಗು ಬಂತು, ಆ ನಗುವಿನ ಹಿಂದೆಯೇ ಅಳುವೂ ಬಂತು. ನಿಜವಾದ ಬೆಂಕಿಯೇ ಆಗಿದ್ದರೆ ಇವರೆಲ್ಲ ಹೀಗೇ ಬ್ಯಾಗ್ ಬಿಚ್ಚಿಕೊಂಡು ನಿಂತಿರುತ್ತಿದ್ದರು.

ಯಜಮಾನರು ಹತ್ತಿರ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಊಟ ಬೇಗ ಬಡಿಸೋಕ್ ಹೇಳಮ್ಮ. ಬಸ್‌ನವ್ರಿಗೂ ಹೇಳು" ಎಂದಷ್ಟೇ ಹೇಳಿದರು.

ಕಾಲರ್ ಹೊಲಿಯುವಾಕೆ ಅಲ್ಲೇ ನಿಂತಿದ್ದಳು. ಅವಳಿಗೆ ಕೇಳಿಸಿತು. ನನ್ನನ್ನು ನೋಡಿದಳು. ಮೈಕ್ ಕೊಡಿಸುತ್ತೇನೆ ಎಂದವಳು ನಾನೇ ತಾನೇ.

"ಸಾರ್, ಇನ್ನೊಂದ್ ಸಲ" ಎಂದೆ.

"ಇನ್ನೊಂದ್ ಸಲ ಮಾಡಿದ್ರೆ ಏನ್ ಬದಲಾಗತ್ತೆ?"

"ಒಂದೇ ಸಲ ಸಾರ್. ಆಗ್ಲೂ ನಿಂತ್ರೆ ನಾನೇ ಬಸ್ ಹತ್ತಿಸ್ತೀನಿ."

ಅವರು ತಲೆಯಾಡಿಸಿದರು. ಎಲ್ಲರನ್ನೂ ಮತ್ತೆ ಒಳಗೆ ಕೂರಿಸಿ, ಇವತ್ತು ಚೆಕಿಂಗ್ ಇಲ್ಲ, ಬ್ಯಾಗ್ ಕುರ್ಚಿಯ ಮೇಲೇ ಬಿಟ್ಟು ಬನ್ನಿ ಎಂದು ಮೈಕಿನಲ್ಲಿ ಹೇಳಿದೆ. ಎಲ್ಲರೂ ಹೂಂ ಎಂದರು. ಹೂಂ ಅನ್ನುತ್ತಲೇ ಬ್ಯಾಗನ್ನು ಇನ್ನೂ ಗಟ್ಟಿಯಾಗಿ ಅವುಚಿಕೊಂಡರು. ವರ್ಷಗಟ್ಟಲೆ ಗೇಟು ಕಂಡರೆ ನಿಲ್ಲುವುದನ್ನು ಕಲಿತ ಕಾಲುಗಳು ನನ್ನ ಒಂದು ಮಾತಿಗೆ ಬಗ್ಗುವುದಿಲ್ಲ ಎಂದು ಆಗ ಅರ್ಥವಾಯಿತು. ಇವರು ಗೇಟಿನಲ್ಲಿ ನಿಲ್ಲುವುದು ಆಂಟಿಗಾಗಿ. ಆಂಟಿಯನ್ನೇ ಮುಂದಕ್ಕೆ ಒಯ್ದರೆ?

ನೇರವಾಗಿ ಆಂಟಿಯ ಹತ್ತಿರ ಹೋದೆ. "ಆಂಟಿ, ನೀವು ಹೋಗಿ ಹುಣಸೆ ಮರದ ಕೆಳಗೆ ನಿಂತ್ಕೊಳ್ಳಿ. ಎಲ್ಲಾರ್ಗೂ ಕಾಣೋ ಹಾಗೆ. ಕೈ ಎತ್ತಿ ಕರೀರಿ."

ಅವರು ದನಿ ತಗ್ಗಿಸಿದರು. "ನಾನ್ ಕರೆದ್ರೆ ಬರ್ತಾರಾ ಮೇಡಂ? ನನ್ ಕಂಡ್ರೆ ಮುಖ ತಿರುಗಿಸ್ಕೊಳ್ಳೋರು."

ಹಿಂದೆ ನಿಂತಿದ್ದ ಕಾಲರ್ ಹೊಲಿಯುವಾಕೆ ಉತ್ತರ ಕೊಟ್ಟಳು. "ಬರ್ತೀವಿ ಆಂಟಿ. ನೀವು ಹೋಗಿ ನಿಂತ್ಕೊಳ್ಳಿ, ನಾನ್ ಹೇಳ್ತೀನಿ ಎಲ್ಲಾರ್ಗೂ."

ಅವಳು ಸಾಲುಸಾಲಾಗಿ ಹೋಗಿ ಹೇಳಿದಳು. ಮೈಕಿಲ್ಲದೆಯೇ. "ಆಂಟಿ ಮರದತ್ರ ಅವ್ರೆ. ಅಲ್ಲಿಗೇ ಹೋಗ್ಬೇಕು. ಗೇಟಲ್ಲಿ ಯಾರೂ ಇಲ್ಲ ಕಣ್ರೇ, ಅಲ್ಲಿ ನಿಂತ್ರೆ ಮೀಟಿಂಗೇ ಇಲ್ಲ."

ಎರಡನೆಯ ಸಲ ಸೈರನ್ ಒತ್ತಿಸಿದೆ. ಎದ್ದರು, ಆಚೆ ಬಂದರು, ಗೇಟಿನ ಹತ್ತಿರ ಬಂದರು. ಮುಂದಿದ್ದವರ ನಡಿಗೆ ನಿಧಾನವಾಯಿತು, ಒಂದಿಬ್ಬರ ಕೈ ಜಿಪ್ಪಿನ ಮೇಲೆ ಹೋಯಿತು. ಬಯಲಿನಿಂದ ಆಂಟಿಯ ಗಂಟಲು ಕೇಳಿತು. ಸಂಜೆಯ ಗದ್ದಲದಲ್ಲಿ ಸಾಲು ಸರಿಮಾಡುತ್ತಿದ್ದ ಅದೇ ಗಂಟಲು. "ಇಲ್ಲಿ ಬನ್ರೇ, ಇಲ್ಲಿ. ನಾನ್ ಇಲ್ಲಿದೀನಿ." ಒಬ್ಬರು ಗೇಟು ದಾಟಿದರು. ಆಮೇಲೆ ಎಲ್ಲರೂ ದಾಟಿದರು. ಕೊನೆಕೊನೆಗೆ ಬರುವವರು ನಡೆಯಲಿಲ್ಲ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದರು, ನಗುತ್ತಾ ಓಡಿದರು. ಹುಣಸೆ ಮರದ ಕೆಳಗೆ ಆಂಟಿ ಕಾಣದ ಹಾಗೆ ಜನ ತುಂಬಿಕೊಂಡರು. ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ.

ಯಜಮಾನರು ಹಾಲಿನೊಳಗೆ ಹೋಗಿ ಒಂದು ಸುತ್ತು ಹಾಕಿ ಬಂದರು. "ಒಬ್ರೂ ಇಲ್ಲ" ಎಂದರು. "ಶುರು ಮಾಡು."

ಮೀಟಿಂಗಿನಲ್ಲಿ ಆಫೀಸಿನವರು ಮಾತಾಡಿದ ಮೇಲೆ ಕಾಲರ್ ಹೊಲಿಯುವಾಕೆಗೆ ಮೈಕ್ ಕೊಟ್ಟೆ. ಮೊದಲು ಅದನ್ನು ಲೋಟದ ಹಾಗೆ ಬಾಯಿಗೆ ತೀರಾ ಹತ್ತಿರ ಹಿಡಿದಳು, ಕಿರ್ ಎಂದಿತು, ದೂರ ಹಿಡಿದಳು.

"ಸಾರ್, ನಾನು ಫ್ಯಾನ್ ವಿಷ್ಯ ಹೇಳೋಕ್ ಬಂದಿದ್ದೆ. ಅದು ಆಮೇಲೆ ಹೇಳ್ತೀನಿ. ಬೆಳಿಗ್ಗೆ ನಾವು ಗೇಟಲ್ಲಿ ನಿಂತಿದ್ದು ನೀವೂ ನೋಡಿದ್ರಿ. ಅಲ್ಲಿ ಯಾರೂ ಚೆಕ್ ಮಾಡೋರು ಇರ್ಲಿಲ್ಲ ಅಂತ ನಮ್ಗೂ ಗೊತ್ತಿತ್ತು. ಆದ್ರೂ ನಿಂತ್ವಿ. ದಿನಾ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಆಗೋಗಿದೆ ಸಾರ್. ಇವತ್ತು ಒಂದಿನ ಬಿಡಿಸಿದ್ರಿ, ಸೋಮವಾರದಿಂದ ಮತ್ತೆ ನಿಲ್ತೀವಿ. ಕಾಮಾಕ್ಷಿಪಾಳ್ಯದಲ್ಲಿ ನಿಜವಾಗ್ಲೂ ಬೆಂಕಿ ಬಿದ್ರೆ ನಾವು ಅಲ್ಲೇ ನಿಲ್ಲೋದು."

ಫ್ಲೋರ್ ಇನ್‌ಚಾರ್ಜ್ ಎದ್ದು ನಿಂತರು. "ಚೆಕಿಂಗ್ ತೆಗೆದ್ರೆ ಪೀಸ್ ಹೋಗಲ್ವೇನಮ್ಮ?"

"ಬಂಡಲ್ ಬಂಡಲ್‌ಗೂ ನೀವೇ ಎಣಿಸ್ತೀರಲ್ಲ ಸಾರ್. ಒಂದ್ ಕಾಲರ್ ಕಮ್ಮಿ ಬಂದ್ರೂ ನನ್ನೇ ಕೇಳ್ತೀರಾ. ಮತ್ತೆ ಸಂಜೆ ಮೈ ಮುಟ್ಟಿ ನೋಡೋದ್ ಯಾಕೆ?"

ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಅವರ ಕಣ್ಣ ಮುಂದೆ ಯಾವ ಬಾಗಿಲು ಬಂದಿರಬಹುದು ಎಂದು ನನಗೆ ಗೊತ್ತಿತ್ತು. ಕೊನೆಗೆ ಕೂತಲ್ಲಿಂದಲೇ ಹೇಳಿದರು. "ಸೋಮವಾರದಿಂದ ಚೆಕಿಂಗ್ ಬೇಡ."

ಚಪ್ಪಾಳೆ ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಹಂಗಾದ್ರೆ ಆಂಟಿ ಕೆಲ್ಸ ಸಾರ್?" ಬಸ್ಸಿನಲ್ಲಿ ಅವರ ಪಕ್ಕ ಕೂರದಿದ್ದ ಜನ. ಇಡೀ ಹಾಲ್ ಯಜಮಾನರ ಬಾಯಿಯನ್ನೇ ನೋಡುತ್ತಿತ್ತು.

"ಅವ್ರು ಗೇಟಲ್ಲೇ ಇರ್ತಾರೆ" ಎಂದರು ಅವರು. "ಗೇಟಲ್ಲಿ ಯಾರೂ ನಿಲ್ಲದ ಹಾಗೆ ನೋಡ್ಕೊಳ್ಳೋದು ಅವ್ರ ಕೆಲ್ಸ. ಡ್ರಿಲ್ ಎಲ್ಲಾ ಅವ್ರೇ ಮಾಡಿಸ್ಲಿ." ಆಗ ಬಿತ್ತು ನೋಡಿ ಚಪ್ಪಾಳೆ. ಊಟದ ಹೊತ್ತಿನಲ್ಲಿ ಆಂಟಿಯ ಎರಡೂ ಪಕ್ಕ ಜಾಗಕ್ಕೆ ಜಗಳವೇ ಆಯಿತು. ಫ್ಯಾನಿನ ವಿಷಯ ಎಲ್ಲರಿಗೂ ಮರೆತೇಹೋಗಿತ್ತು. ಕಾಲರ್ ಹೊಲಿಯುವಾಕೆ ಮರೆಯಲಿಲ್ಲ, ಹೋಳಿಗೆ ಹಾಕಿಸಿಕೊಳ್ಳುವಾಗ ಯಜಮಾನರನ್ನು ಹಿಡಿದು ಅದನ್ನೂ ಹೇಳಿದಳು.

ಸೋಮವಾರ ಸಂಜೆ ಗಂಟೆ ಹೊಡೆದಾಗ ನನಗೆ ಮೇಲೆ ಕೂರಲು ಆಗಲಿಲ್ಲ. ಮುಂಬಾಗಿಲು ಬಿಟ್ಟು ಹೆಂಗಸರ ಜೊತೆಗೇ ಮೆಟ್ಟಿಲಿಳಿದೆ. ಕೆಳಗಿನ ಗೇಟು ಎರಡೂ ಕಡೆ ತೆರೆದಿತ್ತು. ಆಂಟಿ ಹೊರಗೆ ರಸ್ತೆಯ ಪಕ್ಕ ನಿಂತಿದ್ದರು, ಕೈ ಹಿಂದಕ್ಕೆ ಕಟ್ಟಿಕೊಂಡು. ಕಾಲರ್ ಹೊಲಿಯುವಾಕೆ ನನ್ನನ್ನು ದಾಟಿ ಮುಂದೆ ಹೋದಳು. ಬ್ಯಾಗು ಹೆಗಲ ಮೇಲೆ ಮುಚ್ಚಿಕೊಂಡೇ ಇತ್ತು. ಗೇಟಿನಲ್ಲಿ ನಿಲ್ಲಲಿಲ್ಲ, ಮಾಗಡಿ ರೋಡಿನ ಬಸ್ಸಿಗೆ ಅದೇ ವೇಗದಲ್ಲಿ ನಡೆದಳು. ಅವಳ ಹಿಂದೆ ಒಬ್ಬರು, ಮತ್ತೊಬ್ಬರು, ಗುಂಪುಗುಂಪಾಗಿ. ಖುಷಿಗೆ ನನಗೆ ಕಾಲೇ ಬರಲಿಲ್ಲ. ಗೇಟಿನ ಮಧ್ಯದಲ್ಲಿ ನಿಂತು ಅವರನ್ನೇ ನೋಡುತ್ತಿದ್ದೆ.

"ಮೇಡಂ" ಎಂದರು ಆಂಟಿ. "ಗೇಟಲ್ಲಿ ನಿಂತ್ಕೋಬೇಡಿ. ಹಿಂದೆ ಜನ ಬರ್ತಾ ಇದಾರೆ."

ನಾನು ಮುಂದೆ ನಡೆದೆ.